ಕ್ಯಾಚರಿನ ಬೆರಳು, ದಲ್ಲಾಳಿಯ ಕಣ್ಣು

ಮೊನ್ನೆ ಸಂಜೆ ನಮ್ಮ ಅಂಗಡಿಗೆ ನೂಲು ಕೊಳ್ಳಲು ಬಂದ ನೇಕಾರರೊಬ್ಬರು, ರೇಷ್ಮೆ ಲಡಿಗಳ ನಡುವೆ ಬಿದ್ದಿದ್ದ ದಪ್ಪ ಚರ್ಮದ ಕೈಗವಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಇದೇನಣ್ಣ ಇದು, ಆನೆ ಕಿವಿ ಇದ್ದಂಗೈತೆ?" ಎಂದರು.

"ಮಗಳದು ಕಣಪ್ಪ. ಬೇಸ್‌ಬಾಲ್ ಆಡ್ತಾಳೆ" ಎಂದೆ.

ಅವರು ಅದರೊಳಗೆ ಕೈ ತೂರಿಸಿ, ಹೊರಗೆ ತೆಗೆದು, ಮೂಸಿ ನೋಡಿ, "ಚೆನ್ನಾಗಿ ಆಡ್ತದಾ ಮಗು?" ಎಂದು ಕೇಳಿದರು.

ಅವರು ಕೇಳಿದ್ದು ಸುಮ್ಮನೆ ಮಾತಿಗೆ. ಮಳೆ ಬಂತಾ, ಊಟ ಆಯ್ತಾ ಎಂದು ಕೇಳಿದ ಹಾಗೆ. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನು ಹೂಂ ಎನ್ನುವ ಬದಲು ತಕ್ಕಡಿಗೆ ಕೈ ಹಾಕಿದೆ. ಯಾಕೆಂದರೆ ಈ ವರ್ಷವೆಲ್ಲ ನಮ್ಮ ಮನೆಯಲ್ಲಿ, ಫೋನಿನಲ್ಲಿ, ಬಸ್ಸಿನಲ್ಲಿ, ಮೈದಾನದ ಬದಿಯಲ್ಲಿ ನಡೆದ ಜಗಳವೆಲ್ಲ ಈ ಒಂದೇ ಪ್ರಶ್ನೆಯದು. ಒಬ್ಬ ಹುಡುಗಿ ಚೆನ್ನಾಗಿ ಆಡುತ್ತಾಳೆ ಎಂದು ಹೇಳುವುದು ಹೇಗೆ? ಯಾರು ಹೇಳಬೇಕು? ಏನನ್ನು ನೋಡಿ ಹೇಳಬೇಕು? ನೇಕಾರರು ಉತ್ತರಕ್ಕೆ ಕಾಯದೆ ನೂಲು ತೂಗಿಸಿಕೊಂಡು ಹೋದರು. ನಾನು ಮಾತ್ರ ಆ ಗವಸನ್ನು ಮಡಿಲಲ್ಲಿಟ್ಟುಕೊಂಡು ಕಳವಳಪಡುತ್ತ ಕೂತೆ.

ಕಳವಳ ನನಗೆ ಹೊಸದಲ್ಲ. ನಾನು ಹುಟ್ಟಿದ್ದೇ ಅದರ ಮಡಿಲಲ್ಲಿ. ನಮ್ಮಪ್ಪ ಹಿಂದೂಪುರದಲ್ಲಿ ಗುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಸೀರೆ ಮುಗಿದ ದಿನ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಸಾವ್ಕಾರರ ಜಗಲಿಗೆ ಹೊರಟರೆ ನಾನೂ ಹಿಂದೆ ಹಿಂದೆ ಹೋಗುತ್ತಿದ್ದೆ. ಸಾವ್ಕಾರರು ಸೀರೆಯ ಅಂದವನ್ನು ನೋಡುತ್ತಲೇ ಇರಲಿಲ್ಲ. ಬಿಚ್ಚಿದೊಡನೆ ಮಗುಚಿ, ಹಿಂಬದಿಯನ್ನು ಮೇಲೆ ಮಾಡಿ, ಬೆರಳಿನಿಂದ ಸವರುತ್ತ ಹೋಗುವರು. ಎಲ್ಲಾದರೂ ಎಳೆ ಕಡಿದು ಗಂಟು ಬಿದ್ದಿದ್ದರೆ ಅವರ ಬೆರಳು ಅಲ್ಲಿ ನಿಲ್ಲುತ್ತಿತ್ತು. ಬೆರಳು ನಿಂತಾಗ ಅಪ್ಪನ ಗಂಟಲ ಉಬ್ಬು ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ನಾನು ಸೀರೆಯನ್ನು ನೋಡುತ್ತಿರಲಿಲ್ಲ, ಅಪ್ಪನ ಗಂಟಲನ್ನೇ ನೋಡುತ್ತಿದ್ದೆ. ಇವತ್ತಿಗೂ ನನ್ನದಾದ ಯಾವುದನ್ನಾದರೂ ಯಾರಾದರೂ ತಿರುಗಿಸಿ ನೋಡಿದರೆ, ಅದು ರೇಷನ್ ಕಾರ್ಡೇ ಆಗಲಿ ಬದನೆಕಾಯಿಯೇ ಆಗಲಿ, ನನ್ನ ಗಂಟಲು ಮೇಲಕ್ಕೆ ಹೋಗುತ್ತದೆ.

ಆಟದ ವಿಷಯಕ್ಕೆ ಬಂದರೆ ನನ್ನನ್ನು ತಿರುಗಿಸಿ ನೋಡುವ ತೊಂದರೆಯನ್ನೂ ಯಾರೂ ತೆಗೆದುಕೊಂಡವರಲ್ಲ. ಶಾಲೆಯಲ್ಲಿ ಕ್ರಿಕೆಟ್ಟಿಗೆ ತಂಡ ಹಂಚುವಾಗ ಕೊನೆಗೆ ನಾನು ಮತ್ತು ಒಂದು ಮುರಿದ ಸ್ಟಂಪು ಉಳಿಯುತ್ತಿದ್ದೆವು. ಸ್ಟಂಪನ್ನು ಮೊದಲು ಎತ್ತಿಕೊಳ್ಳುತ್ತಿದ್ದರು. ಹೀಗಾಗಿ ಮಗಳು ಲಾವಣ್ಯ ಒಂದು ದಿನ ಕಾಲೇಜಿನಿಂದ ಬಂದು, "ಅಪ್ಪ, ನಾನು ಟೀಮಲ್ಲಿದ್ದೀನಿ" ಎಂದಾಗ ನನಗೆ ನಂಬಿಕೆ ಬರಲಿಲ್ಲ. ನಮ್ಮ ವಂಶದಲ್ಲಿ ಇಂಥದು ನಡೆದದ್ದಿಲ್ಲ.

ಹಿಂದೂಪುರಕ್ಕೆ ಈ ಆಟವನ್ನು ತಂದವರು ಇಲಿಯಾಸ್ ಸಾರ್, ಕಾಲೇಜಿನ ಪಿ.ಇ.ಟಿ. ಮಾಸ್ಟರು. ಎಲ್ಲೋ ತರಬೇತಿಗೆ ಹೋದವರು ಒಂದು ಗೋಣಿಚೀಲದ ತುಂಬ ಉರುಟು ಬ್ಯಾಟುಗಳನ್ನು ಹೊತ್ತುಕೊಂಡು ಬಂದಿಳಿದರು. ಮೊದಮೊದಲು ಊರಿನವರು ಅದನ್ನು ಬೇಲಿಗೂಟ ಎಂದುಕೊಂಡರು. ಆಟ ನೋಡಿದ ಮೇಲೂ ಕೆಲವರ ಅಭಿಪ್ರಾಯ ಬದಲಾಗಲಿಲ್ಲ. ನನಗೆ ಅರ್ಥವಾದ ಮಟ್ಟಿಗೆ ಹೇಳುವುದಾದರೆ, ನಡುವೆ ನಿಂತ ಹುಡುಗಿ ಚೆಂಡು ಎಸೆಯುತ್ತಾಳೆ, ಎದುರಿನವಳು ಬ್ಯಾಟು ಬೀಸುತ್ತಾಳೆ, ಚೆಂಡು ಬ್ಯಾಟಿಗೆ ಬಿದ್ದರೆ ನಾಲ್ಕು ಮೂಲೆ ಸುತ್ತಿ ಓಡುತ್ತಾಳೆ. ಬ್ಯಾಟಿನವಳ ಹಿಂದೆ ಒಬ್ಬಳು ಕುಕ್ಕರಗಾಲಲ್ಲಿ ಕೂತು, ಬೀಸು ತಪ್ಪಿದ ಚೆಂಡನ್ನೆಲ್ಲ ಹಿಡಿಯುತ್ತಾಳೆ. ಅವಳೇ ಕ್ಯಾಚರ್. ಮುಖಕ್ಕೆ ಜಾಲರಿ, ಎದೆಗೆ ಮೆತ್ತೆ, ಕೈಗೆ ಆನೆಕಿವಿ. ನನ್ನ ಮಗಳು ಆರಿಸಿಕೊಂಡದ್ದು ಈ ಜಾಗವನ್ನು. ಇಡೀ ತಂಡ ಅವಳ ಎದುರಿಗಿರುತ್ತದೆ, ಅವಳ ಬೆನ್ನಿಗೆ ಮಾತ್ರ ತನ್ನವರು ಯಾರೂ ಇರುವುದಿಲ್ಲ.

ಚೆಂಡು ಹೇಗೆ ಬರಬೇಕು ಎಂದು ಹೇಳುವವಳೂ ಅವಳೇ. ಕೂತಲ್ಲೇ ತೊಡೆಗಳ ಸಂದಿಯಲ್ಲಿ ಬೆರಳು ತೋರಿಸುತ್ತಾಳೆ. ಒಂದು ಬೆರಳಾದರೆ ನೇರ ವೇಗದ ಚೆಂಡು, ಎರಡಾದರೆ ಬಾಗುವ ಚೆಂಡು, ಮೂರಾದರೆ ನಿಧಾನದ್ದು. ಆ ಬೆರಳು ಎಸೆಯುವವಳಿಗೆ ಮಾತ್ರ ಕಾಣಬೇಕು, ಪಕ್ಕದಲ್ಲೇ ನಿಂತ ಬ್ಯಾಟಿನವಳಿಗೆ ಗೊತ್ತಾಗಬಾರದು. ಎಸೆಯುವವಳು ಶಿರೀಷ, ಕೊಡಿಕೊಂಡ ಊರಿನ ಚೆಕ್‌ಪೋಸ್ಟಿನ ಹತ್ತಿರ ಢಾಬಾ ಇಟ್ಟಿರುವವರ ಮಗಳು.

ಎಲ್ಲ ಚೆನ್ನಾಗಿಯೇ ಇತ್ತು, ಇಲಿಯಾಸ್ ಸಾರ್ ಫೋನಿಗೆ ಆ ಆ್ಯಪ್ ಹಾಕಿಕೊಳ್ಳುವವರೆಗೆ.

ಮ್ಯಾಚು ನಡೆಯುತ್ತಿರುವಾಗಲೇ ಸಾರ್ ಒಂದೊಂದು ಚೆಂಡಿಗೂ ಏನೇನೋ ಒತ್ತುತ್ತಾರೆ, ಅದು ಒಬ್ಬೊಬ್ಬ ಹುಡುಗಿಗೂ ಒಂದು ಅಂಕ ಕೊಡುತ್ತದೆ. ಹೊಡೆದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅದು ಎಲ್ಲರಿಗೂ ಕಾಣುತ್ತದೆ. ಶಿರೀಷಳ ಅಪ್ಪನಿಗೆ ಆ ಅಂಕವೆಂದರೆ ವೇದ. "ಢಾಬಾ ಮುಂದೆ ಎಷ್ಟು ಲಾರಿ ನಿಂತವು ಅನ್ನೋದೇ ಲೆಕ್ಕ ಕಣಣ್ಣ. ರುಚಿ ಗಿಚಿ ಎಲ್ಲ ಬಾಯಿಮಾತು" ಎನ್ನುತ್ತಿದ್ದರು. ಅವರ ಮಗಳ ಅಂಕ ಯಾವಾಗಲೂ ಮೇಲಿರುತ್ತಿತ್ತು, ಹೀಗಾಗಿ ಅವರ ತತ್ವಕ್ಕೂ ಬಲವಿತ್ತು. ನನ್ನ ಮಗಳದು ಕೆಳಗಿನಿಂದ ಎರಡನೆಯದೋ ಮೂರನೆಯದೋ. ಅವಳ ಬ್ಯಾಟಿಂಗ್ ಅಷ್ಟಕ್ಕಷ್ಟೆ. ದಿನವಿಡೀ ಕುಕ್ಕರಗಾಲಲ್ಲಿ ಕೂತು ಹಿಡಿದ ಚೆಂಡುಗಳಿಗೆ ಆ್ಯಪು ಏನೂ ಕೊಡುವುದಿಲ್ಲ. ಹಿಡಿಯದೆ ಬಿಟ್ಟದ್ದಕ್ಕೆ ಮಾತ್ರ ಕಿತ್ತುಕೊಳ್ಳುತ್ತದೆ.

ಇದು ಅನ್ಯಾಯ ಎಂದು ನಾನು ಗುಂಪಿನಲ್ಲಿ ಉದ್ದದ ಒಂದು ಸಂದೇಶ ಬರೆದೆ. ಹಿಡಿದ ಚೆಂಡಿಗೂ ಅಂಕ ಕೊಡಬೇಕು ಎಂದು ವಾದಿಸಿದೆ. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾದರು. ಲಾವಣ್ಯ ಒಳಗಿನಿಂದ ಬಂದು, "ಅಪ್ಪ, ಇನ್ನೊಂದ್ಸಲ ಹಿಂಗೆ ಬರೆದ್ರೆ ನಾನು ಆಟಾನೇ ಬಿಟ್ಬುಡ್ತೀನಿ" ಎಂದು ಹೇಳಿ ಹೋದಳು. ಆಮೇಲೆ ನಾನು ಬರೆಯಲಿಲ್ಲ, ನೋಡುತ್ತಿದ್ದೆ ಅಷ್ಟೆ. ನೂಲು ತೂಗುವಾಗ ನೋಡುತ್ತಿದ್ದೆ, ಹಲ್ಲುಜ್ಜುವಾಗ ನೋಡುತ್ತಿದ್ದೆ. ಮ್ಯಾಚೇ ಇಲ್ಲದ ದಿನವೂ ಅಂಕ ಏನಾದರೂ ತಾನಾಗಿ ಏರಿದೆಯೇ ಎಂದು ನೋಡುತ್ತಿದ್ದೆ. "ಅದೇನು ಹಾಲಾ, ಉಕ್ಕಿ ಬರಕೆ?" ಎಂದಳು ನನ್ನ ಹೆಂಡತಿ ಸರೋಜ.

ಅವಳಿಗೆ ನಗು. ನನಗೆ ನಿಜವಾಗಿ ಭಯ. ವಯಸ್ಸಿನ ಮಿತಿಯ ಪ್ರಕಾರ ಲಾವಣ್ಯಳಿಗೆ ಜೂನಿಯರ್ ರಾಜ್ಯ ತಂಡಕ್ಕೆ ಸೇರಲು ಇದೇ ಕೊನೆಯ ವರ್ಷ. ಸೀಸನ್ನಿನ ಕೊನೆಯ ಮ್ಯಾಚು ಕಲ್ಯಾಣದುರ್ಗದಲ್ಲಿ, ಅಲ್ಲಿಯ ತಂಡದ ಮೇಲೆ. ಆಯ್ಕೆ ಮಾಡುವವರು ಅದನ್ನು ನೋಡಲು ಬರುತ್ತಾರೆ, ಅವತ್ತೇ ಪಟ್ಟಿ ಹೊರಬೀಳುತ್ತದೆ. ಮಗಳು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಮಹಡಿಯ ಮೇಲೆ ಒಬ್ಬಳೇ ಗೋಡೆಗೆ ಚೆಂಡು ಎಸೆದು ಎಸೆದು ಹಿಡಿಯುತ್ತಿರುತ್ತಿದ್ದಳು. ಆ ಸದ್ದು ಕೇಳಿದಾಗೆಲ್ಲ ಇವಳಿಗೆ ಇದು ಸಿಗದೇ ಹೋದರೆ ಏನು ಮಾಡುವುದು ಎಂದು ಮತ್ತೆ ಫೋನು ತೆಗೆಯುತ್ತಿದ್ದೆ.

ಕಲ್ಯಾಣದುರ್ಗ ನನ್ನ ಮಾವನವರ ಊರು. ಮಾವ ವೆಂಕಟರಮಣಪ್ಪ ಹುಟ್ಟಿದ್ದು ಮಗ್ಗದ ಮನೆಯಲ್ಲೇ. ಆದರೆ ಚಿಕ್ಕವರಿದ್ದಾಗಲೇ ಮಗ್ಗದ ಗುಣಿಯಿಂದ ಎದ್ದು ದನದ ಸಂತೆಗೆ ನಡೆದವರು. ಜೀವಮಾನವೆಲ್ಲ ದಲ್ಲಾಳಿ. ಸೆಟ್ಟೂರಿನ ಕಡೆಯ ರೈತರು ಇವತ್ತಿಗೂ ಎತ್ತು ಕೊಳ್ಳುವ ಮೊದಲು ಅವರ ಒಂದು ಮಾತು ಕೇಳುತ್ತಾರೆ. ನಮ್ಮ ನೆಂಟರು ಮದುವೆಮನೆಯಲ್ಲಿ ಅವರನ್ನು ಕಂಡರೆ, "ಬಾವ, ನಮ್ಮ ಬೀಗರ ಹಲ್ಲು ಒಂದ್ಸಲ ನೋಡ್ಬುಡಿ" ಎಂದು ಕಿಚಾಯಿಸುವುದುಂಟು.

ಆಟಗಾರರ ಬೆಲೆ ಕಟ್ಟುವ ಚರ್ಚೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದಾಗ ಅವರು ಒಮ್ಮೆ ಹಿಂದೂಪುರಕ್ಕೆ ಬಂದಿದ್ದರು. ನಾನು ಫೋನು ತೋರಿಸಿದೆ. ಅವರು ಅದನ್ನು ದೂರ ಹಿಡಿದು ನೋಡಿ, ವಾಪಸು ಕೊಟ್ಟು, "ಅಂಕಿಯಲ್ಲಿ ಏನೈತೆ ಅಳಿಮಯ್ಯ? ಸುಳಿ ನೋಡ್ಬೇಕು" ಎಂದರು. ಎತ್ತಿನ ಹಣೆಯ ಮೇಲೆ, ಬೆನ್ನ ಮೇಲೆ ಕೂದಲ ಸುಳಿ ಎಲ್ಲಿದೆ ಎಂದು ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವುದು ಅವರ ವಿದ್ಯೆ. ಮರುದಿನ ಅಭ್ಯಾಸ ನೋಡಲು ಹೋದಾಗ ಸಾಲಾಗಿ ಕೂತ ಹುಡುಗಿಯರ ಹಿಂದೆ ಕೈಕಟ್ಟಿಕೊಂಡು ಓಡಾಡಿ, ಒಬ್ಬಳ ನೆತ್ತಿಯಲ್ಲಿ ಜೋಡಿ ಸುಳಿ ಕಂಡು, ತಂಡದ ರತ್ನ ಇವಳೇ ಎಂದು ಘೋಷಿಸಿದರು. ಆ ಹುಡುಗಿ ಎದುರಿಗೆ ಚೆಂಡು ಬಂದರೆ ಕಣ್ಣುಮುಚ್ಚಿಕೊಳ್ಳುವವಳು. ಸಾರ್ ಅವಳನ್ನು ಇಟ್ಟುಕೊಂಡದ್ದು ಹನ್ನೆರಡನೆಯವಳು ಬೇಕಲ್ಲ ಎಂದು. "ನಾಯನಾ, ಹೆಣ್ಮಕ್ಕಳ ತಲೆ ಹಂಗೆಲ್ಲ ನೋಡ್ತಾರಾ? ಪರುವು ತೀಸ್ತಾವು ನುವ್ವು" ಎಂದು ಸರೋಜ ಅಪ್ಪನಿಗೆ ಬೈದು, ಮಾನ ಕಳೀತೀಯ ಎಂದು ಕನ್ನಡದಲ್ಲಿ ಇನ್ನೊಂದು ಸಲ ಬೈದಳು.

ಕೊನೆಯ ಮ್ಯಾಚಿನ ದಿನ ಮಡಕಶಿರ, ಪಾವಗಡ ಹಾದು ಕಲ್ಯಾಣದುರ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ಹುಡುಗಿಯರು ಹಾಡಿದರು. ನಾನು ಕಿಟಕಿಗೆ ತಲೆ ಕೊಟ್ಟು ವಾಂತಿ ತಡೆದುಕೊಂಡೆ. "ಆಡೋರು ಯಾರು ಅಂತ ನೋಡಿದೋರಿಗೆ ಅನುಮಾನ ಬತ್ತದೆ" ಎಂದಳು ಸರೋಜ.

ಮೈದಾನದಲ್ಲಿ ಎಲ್ಲರೂ ಕ್ಯಾಚರಿನ ಹಿಂದೆ, ಅವಳ ಬೆನ್ನು ಮಾತ್ರ ಕಾಣುವ ಮೆಟ್ಟಿಲುಗಳ ಮೇಲೆ ಕೂತರು. ಆಯ್ಕೆಗೆ ಬಂದವರೂ ಅಲ್ಲೇ. ಅವರ ಮುಖ ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ಎದುರು ದಿಕ್ಕಿಗೆ, ಶಿರೀಷಳ ಬೆನ್ನ ಹಿಂದೆ, ಗೆರೆಯ ಆಚೆ ಒಂದು ಹುಣಸೆಮರವಿತ್ತು. ಅದರ ನೆರಳಿಗೆ ಹೋಗಿ ಕೂತೆ. ಚಿಕ್ಕ ಮೈದಾನ, ಅಲ್ಲಿಂದಲೂ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ನಮ್ಮವರು ಮುಂದಿದ್ದರು. ಲಾವಣ್ಯ ಒಂದೂ ಚೆಂಡು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಮಾವ ಟವಲಿನ ತುಂಬ ಬೇಯಿಸಿದ ಕಡಲೆಕಾಯಿ ತಂದು ನನ್ನ ಪಕ್ಕದಲ್ಲಿ ಕೂತರು.

ಸುಲಿಯುತ್ತ ಆಟ ನೋಡಿದರು. ಆಮೇಲೆ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನ ತೋಳು ಹಿಡಿದರು.

"ಅಳಿಮಯ್ಯ, ಮಗು ಬೆರಳಲ್ಲಿ ಯಾಪಾರ ಮಾಡ್ತಾ ಐತೆ!"

ನಿಮಗೆ ದನದ ಸಂತೆಯ ಪದ್ಧತಿ ಗೊತ್ತಿರಬಹುದು. ಅಲ್ಲಿ ಬಾಯಲ್ಲಿ ಬೆಲೆ ಹೇಳುವುದಿಲ್ಲ. ಇಬ್ಬರು ಕೈ ಹಿಡಿದುಕೊಂಡು ಮೇಲೆ ಟವಲು ಹೊದಿಸುತ್ತಾರೆ. ಟವಲಿನ ಕೆಳಗೆ ಬೆರಳು ಒತ್ತಿ ಒತ್ತಿ ಚೌಕಾಸಿ ನಡೆಯುತ್ತದೆ. ಸುತ್ತ ನಿಂತವರಿಗೆ ಏನೂ ಕಾಣದು. ಮಾವನವರು ತಮ್ಮ ಆಯುಷ್ಯವನ್ನೆಲ್ಲ ಇನ್ನೊಬ್ಬರ ಟವಲಿನ ಕೆಳಗೆ ಬೆರಳು ಏನು ಮಾಡುತ್ತಿದೆ ಎಂದು ಭುಜದ ಅಲುಗಾಟದಿಂದ ಊಹಿಸುತ್ತ ಕಳೆದವರು. ಅಂಥವರಿಗೆ ಇಲ್ಲಿ ಟವಲೇ ಇಲ್ಲದ ಬೆರಳು, ಅದೂ ಸ್ವಂತ ಮೊಮ್ಮಗಳ ಬೆರಳು, ಹಾಡುಹಗಲಲ್ಲಿ ಕಂಡುಬಿಟ್ಟಿತು. ದೂರದ ಕಣ್ಣು ಅವರದು ಇನ್ನೂ ಹದ್ದಿನ ಹಾಗಿದೆ.

"ಎರಡು!" ಎಂದರು. ಚೆಂಡು ಬಾಗಿ ಹೋಯಿತು. "ಏನದು ಎರಡು ಅಂದ್ರೆ?"

"ಬಾಗೋ ಚೆಂಡು ಮಾವ" ಎಂದೆ. ಅರ್ಥ ಹೇಳಿಕೊಟ್ಟ ಪುಣ್ಯಾತ್ಮ ನಾನೇ.

ಅಲ್ಲಿಂದ ಶುರುವಾಯಿತು. "ಒಂದು! ನೋಡು ನೋಡು, ನೆಟ್ಟಗೆ ಬತ್ತದೆ!" "ಎರಡು ಕಣ್ರಲಾ, ಬಾಗ್ತದೆ!" ಸಂತೆಯ ಗದ್ದಲದಲ್ಲಿ ಪಳಗಿದ ಗಂಟಲು. ಮಾವ ಗುಟ್ಟು ಹೇಳಿದರೂ ಸೆಟ್ಟೂರಿಗೆ ಕೇಳುತ್ತದೆ. ಒಂದೊಂದು ಸಲವೂ ಅವರು ಹೇಳಿದ ಹಾಗೆಯೇ ಚೆಂಡು ಬಂದಾಗ ಮಗುವಿನಂತೆ ತೊಡೆ ತಟ್ಟಿಕೊಂಡರು. ಅವರು ಮೊಮ್ಮಗಳನ್ನು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ನಾನೂ ಖುಷಿಯಲ್ಲೇ ಇದ್ದೆ.

ಕಲ್ಯಾಣದುರ್ಗದ ಹುಡುಗಿಯರು ದಡ್ಡರಲ್ಲ. ಅಲ್ಲಿಯವರೆಗೆ ಗಾಳಿಗೆ ಬೀಸುತ್ತಿದ್ದವರು ಒಬ್ಬರ ಹಿಂದೆ ಒಬ್ಬರು ಹೊಡೆಯತೊಡಗಿದರು. ನಮ್ಮವರ ಮುನ್ನಡೆ ಕರಗಿಹೋಯಿತು. ಯಾಕೆ ಹೀಗಾಗುತ್ತಿದೆ ಎಂದು ನಾನು ಫೋನು ನೋಡುವಷ್ಟರಲ್ಲಿ ಲಾವಣ್ಯ ಎದ್ದು ನಿಂತು, ಜಾಲರಿ ಮೇಲೆತ್ತಿ, ನೇರವಾಗಿ ಮರದ ಕಡೆ ನೋಡಿದಳು.

ಆಗ ನನಗೆ ಹೊಳೆಯಿತು. ಮಾವನ ಕೂಗು ಅವರಿಗೂ ಕೇಳುತ್ತಿತ್ತು.

ಅಂಪೈರ್ ಅವಳ ಹತ್ತಿರ ಬಂದರು. ಇಲಿಯಾಸ್ ಸಾರೂ ಓಡಿಬಂದರು. ಅಂಪೈರ್ ಮರದ ಕಡೆ ಕೈ ತೋರಿಸಿ ಏನೋ ಕೇಳಿದರು. ಲಾವಣ್ಯ ತಲೆ ಅಡ್ಡಡ್ಡ ಆಡಿಸಿದಳು. ಆಮೇಲೆ ಶಿರೀಷಳ ಹತ್ತಿರ ನಡೆದುಹೋಗಿ, ಗವಸನ್ನು ಬಾಯಿಗೆ ಅಡ್ಡ ಹಿಡಿದು ಒಂದಿಷ್ಟು ಮಾತಾಡಿ ವಾಪಸು ಬಂದು ಕೂತಳು.

"ಮಾವ, ಸ್ವಲ್ಪ ಮೆಲ್ಲಗೆ..." ಎಂದೆ. ಅವರಿಗೆ ಕೇಳಿಸಲಿಲ್ಲ. ಕೇಳಿಸುವ ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ. ಮಾವನೆದುರು ಅಳಿಯನಿಗೆ ಅಷ್ಟು ಧೈರ್ಯ ಇರುವುದೂ ಇಲ್ಲ.

"ಒಂದು!" ಎಂದು ಮಾವ ಕೂಗಿದರು. ಬ್ಯಾಟಿನ ಹುಡುಗಿ ನೆಟ್ಟಗಿನ ಚೆಂಡಿಗೆ ಸಜ್ಜಾದಳು. ಚೆಂಡು ಬಾಗಿತು. ಅವಳು ಬೀಸಿದ ರಭಸಕ್ಕೆ ತಾನೇ ತಿರುಗಿ ಬಿದ್ದಳು. ಬೆರಳಿನ ಅರ್ಥವನ್ನು ಲಾವಣ್ಯ ಅದಲುಬದಲು ಮಾಡಿಬಿಟ್ಟಿದ್ದಳು. ಹೇಳಿದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದರೂ ಮಾವ ಕೂಗುತ್ತಲೇ ಹೋದರು, ಎದುರಾಳಿಗಳು ಅವರನ್ನು ನಂಬಿ ಕೆಡುತ್ತಲೇ ಹೋದರು.

ಆದರೆ ಹೊಸ ಗುರುತು ಶಿರೀಷಳ ತಲೆಗೂ ಸರಿಯಾಗಿ ಹತ್ತಿರಲಿಲ್ಲ. ಒಮ್ಮೆ ಲಾವಣ್ಯ ಬಾಗುವ ಚೆಂಡಿಗೆ ಕೈಯೊಡ್ಡಿದರೆ ನೇರ ಚೆಂಡು ಬಂದು ಗವಸಿನ ಅಂಚಿಗೆ ತಾಗಿ ಹಿಂದಕ್ಕೆ ಹಾರಿತು. ಇನ್ನೊಮ್ಮೆಯೂ ಹಾಗೇ ಆಯಿತು. ಅವಳು ಎದ್ದುಬಿದ್ದು ಓಡಿ ಹೆಕ್ಕುವಷ್ಟರಲ್ಲಿ ಎದುರಾಳಿಗಳು ಓಟ ಗಳಿಸಿದ್ದರು. ಆಯ್ಕೆಯವರ ಕಾಲ ಬುಡದಲ್ಲೇ ಅವಳು ಚೆಂಡು ಹುಡುಕಿದಳು. ನನ್ನ ಕೈಯ ಫೋನಿನಲ್ಲಿ ಅವಳ ಅಂಕ ಇಳಿಯುತ್ತಿತ್ತು. ತಪ್ಪು ಎಸೆದವಳದಾದರೂ ಆ್ಯಪಿಗೆ ಅದು ಗೊತ್ತಾಗುವುದಿಲ್ಲ. ಕೂದಲೆಳೆಯ ಅಂತರದಲ್ಲಿ ನಾವು ಗೆದ್ದಾಗ ಎಲ್ಲರೂ ಕುಣಿದರು. ನಾನು ನೋಡಿದೆ, ಇಡೀ ತಂಡದಲ್ಲಿ ಎಲ್ಲರಿಗಿಂತ ಕೆಳಗೆ ನನ್ನ ಮಗಳ ಹೆಸರಿತ್ತು.

ಮ್ಯಾಚು ಮುಗಿದ ಮೇಲೆ ಇಲಿಯಾಸ್ ಸಾರ್ ನನ್ನನ್ನು ಗೇಟಿನ ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋದರು. ಟೀ ಆರುತ್ತಿತ್ತು, ಅವರು ಫೋನನ್ನೇ ನೋಡುತ್ತಿದ್ದರು.

"ಅಂಪೈರ್ ಏನು ಕೇಳಿದ್ರು ಗೊತ್ತೇನಣ್ಣ? ಆ ಮುದುಕಪ್ಪನ್ನ ಗ್ರೌಂಡಿಂದ ಆಚೆ ಕಳಿಸ್ಲಾ ಅಂತ. ಒಂದು ಮಾತು ಹೂಂ ಅಂದಿದ್ರೆ ಆಗೋಗಿರೋದು. ನಿಮ್ಮುಡುಗಿ ಏನಂದ್ಲು ಗೊತ್ತಾ? 'ಅವ್ರು ನಮ್ ತಾತ ಸಾರ್. ಇದು ಅವ್ರ ಊರು. ಇಷ್ಟು ಜನದ ಮುಂದೆ ಎಬ್ಬಿಸ್ಬೇಡಿ, ನಾನು ನೋಡ್ಕೊಂತೀನಿ' ಅಂದ್ಲು." ಅವರು ಫೋನಿನ ಪರದೆಯನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ತಳ್ಳಿದರು. "ಇದನ್ನ ಎಲ್ಲಿ ಹಾಕ್ಲಿ ಹೇಳಣ್ಣ? ಕಾಲಮ್ಮೇ ಇಲ್ಲ."

ಟೀ ಅಂಗಡಿಯವನ ಮುಂದೆ ಅಳುವುದು ಹೇಗೆ ಎಂದು ಲೋಟದೊಳಕ್ಕೆ ನೋಡುತ್ತ ನಿಂತೆ. ಅಳು ಬಂದದ್ದು ಹೆಮ್ಮೆಗೋ ಹೆದರಿಕೆಗೋ ಹೇಳಲಾರೆ. ಇಷ್ಟು ಒಳ್ಳೆಯ ಹುಡುಗಿಗೆ ಆ ಪಟ್ಟಿಯಲ್ಲಿ ಜಾಗ ಸಿಗಲಿಕ್ಕಿಲ್ಲ ಎಂಬ ಹೆದರಿಕೆಯೇ ಹೆಚ್ಚಾಗಿತ್ತು.

ಮಾವನವರ ಮನೆಗೆ ಬಂದೆವು. ಸರೋಜ ಅವ್ವನ ಜೊತೆ ಒಳಗೆ ಮುದ್ದೆ ತೊಳಸುತ್ತಿದ್ದಳು. ಲಾವಣ್ಯ ಜಗಲಿಯ ಮೇಲೆ ಕಾಲು ಚಾಚಿಕೊಂಡು ಊದಿದ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮಾವ ಕಂಬಕ್ಕೆ ಒರಗಿ ಕೂತಿದ್ದರು. ದಾರಿಯುದ್ದಕ್ಕೂ ಒಂದು, ಎರಡು ಎಂದು ಬೆರಳು ಮಡಿಸಿ ಬಿಡಿಸಿ ಏನೋ ಲೆಕ್ಕ ಹಾಕುತ್ತ ಬಂದಿದ್ದರು. ಇನ್ನೂ ಮ್ಯಾಚಿನ ಗುಂಗಿನಲ್ಲೇ ಇದ್ದಾರೆ ಎಂದುಕೊಂಡೆ. ನಾನು ಜಗಲಿಯಿಂದ ಬೀದಿಗೆ, ಬೀದಿಯಿಂದ ಜಗಲಿಗೆ ಓಡಾಡುತ್ತಿದ್ದೆ. "ಕೂತ್ಕೊಳ್ಳಪ್ಪ, ತಲೆ ತಿರುಗ್ತದೆ ನಿನ್ನ ನೋಡಿದ್ರೆ" ಎಂದಳು ಮಗಳು. ಅವಳ ದನಿ ಮಾಮೂಲಿಯಾಗಿಯೇ ಇತ್ತು. ಎಣ್ಣೆಯ ಕೈ ಮಾತ್ರ ತಿಕ್ಕಿದ ಜಾಗವನ್ನೇ ತಿಕ್ಕುತ್ತಿತ್ತು.

ಪಟ್ಟಿ ಬಂತು. ನಾನು ತೆರೆಯುವಷ್ಟರಲ್ಲಿ ಫೋನನ್ನು ಅವಳೇ ಕಿತ್ತುಕೊಂಡು ನೋಡಿದಳು. ಮೇಲಿನಿಂದ ಕೆಳಗೆ ನೋಡುತ್ತ ಹೋಗಿ ಕೊನೆಯಲ್ಲಿ ನಿಂತಳು.

"ಇದೀನಪ್ಪ" ಎಂದಳು. ಆಮೇಲೆ, "ಎರಡನೇ ಕ್ಯಾಚರ್" ಎಂದಳು. ಅಷ್ಟು ಹೊತ್ತೂ ಮಾಮೂಲಿಯಾಗಿದ್ದ ದನಿ ಅಲ್ಲಿ ಒಡೆಯಿತು. ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು. ಸರೋಜ ಹಿಟ್ಟಿನ ಕೈಯಲ್ಲೇ ಓಡಿಬಂದು ಅವಳನ್ನು ತಬ್ಬಿಕೊಂಡಳು.

"ಎರಡನೇದು ಅಂದ್ರೆ?" ಎಂದು ಮಾವ ಕೇಳಿದರು. ಮೊದಲನೆಯವಳಿಗೆ ಸುಸ್ತಾದರೋ ಪೆಟ್ಟಾದರೋ ಮಾತ್ರ ಆಡಿಸುತ್ತಾರೆ, ಇಲ್ಲವಾದರೆ ಕೂತು ನೋಡುವುದೇ ಎಂದು ನಾನು ವಿವರಿಸಹೋದೆ. ಆಗಲೇ ನನಗೆ ಮುಂದಿನ ತಿಂಗಳ ಆಟದ ಕಳವಳ ಶುರುವಾಗಿತ್ತು.

"ಆಡ್ಸಿದ್ರೆ ಆಡ್ತೀನಿ ತಾತ" ಎಂದಳು ಲಾವಣ್ಯ.

"ಎಲ್ಲಿ ಆಟ?"

"ಗುಂಟೂರು."

"ನಾನೂ ಬತ್ತೀನಿ." ಅವಳ ಮುಖ ನೋಡದೆ, "ಅಲ್ಲಿ ಮರ ಗಿರ ಐತಾ? ಎಲ್ಲಿ ಕೂತ್ಕಮ್ಲಿ?" ಎಂದರು.

ಸರೋಜ ನನ್ನ ಮುಖ ನೋಡಿದಳು. ಲಾವಣ್ಯ ಮಾತ್ರ ಕಣ್ಣೊರೆಸಿಕೊಂಡು ಜಗಲಿಯುದ್ದಕ್ಕೂ ಜರುಗಿ ತಾತನ ಹತ್ತಿರ ಹೋದಳು.

"ಮರದ ತಾವ ಬ್ಯಾಡ ತಾತ, ದೂರ ಆಯ್ತದೆ. ನೀನು ನನ್ ಬೆನ್ನಿಂದೆ ಕೂತ್ಕ, ಮೆಟ್ಲು ಮೇಲೆ. ನೀನು ಅಲ್ಲಿದ್ರೆ ನಂಗೆ ಧೈರ್ಯ."

ಮಾವ ಅವಳನ್ನೇ ನೋಡಿದರು. ಆಮೇಲೆ ಅವಳ ಊದಿದ ಮಂಡಿಯ ಮೇಲೆ ಮೆಲ್ಲಗೆ ಕೈಯಿಟ್ಟರು.

"ಆಯ್ತು ಕಣಮ್ಮ. ಬೆನ್ನಿಂದೇನೇ ಕೂತ್ಕಂತೀನಿ" ಎಂದರು. "ಇನ್ನ ಕೂಗಲ್ಲ ಬಿಡು."